ಗೋಲ್ ಹೊಡೆದವನ ಹೆಸರು ಗೊತ್ತು, ತಡೆದವನ ಹೆಸರು?

1/8
ಈ ವಾರ ಕ್ರಿಕೆಟ್‌ಗೆ ರಜೆ. ಐಪಿಎಲ್ ಬಗ್ಗೆ ಕಾಮೆಂಟ್‌ನಲ್ಲಿ ಜಗಳ ಆಡೋರೆಲ್ಲ ಒಂದು ವಾರ ಉಸಿರು ತಗೊಳ್ಳಿ, ನಾವು ಐರ್ಲೆಂಡ್‌ಗೆ ಹೋಗ್ತಿದೀವಿ. ಅಲ್ಲಿನ ಎರಡು ಆಟ: ಗೇಲಿಕ್ ಫುಟ್‌ಬಾಲ್ ಮತ್ತು ಹರ್ಲಿಂಗ್. ವಿಷಯ: ಒಬ್ಬನಿಗೆ ಇನ್ನೊಬ್ಬ ಅಂಟಿಕೊಂಡು ಆಡೋ ಜಿದ್ದಾಜಿದ್ದಿ.

ಆಟ ಗೊತ್ತಿಲ್ಲದವರಿಗೆ ಒಂದು ನಿಮಿಷದ ಪಾಠ. ತಂಡಕ್ಕೆ 15 ಜನ, 70 ನಿಮಿಷದ ಆಟ. ಗೋಲ್ ಪೋಸ್ಟ್ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಇರುತ್ತೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೊಡೆದರೆ ಗೋಲ್, ಅದಕ್ಕೆ 3 ಪಾಯಿಂಟ್. ಪಟ್ಟಿಯ ಮೇಲಿಂದ ಹಾರಿಸಿದರೆ ಸಾಮಾನ್ಯವಾಗಿ 1 ಪಾಯಿಂಟ್. ಅದಕ್ಕೇ ಸ್ಕೋರನ್ನು 2-17 ಅಂತ ಬರೀತಾರೆ. 2 ಗೋಲ್, 17 ಪಾಯಿಂಟ್, ಒಟ್ಟು 23. ಫುಟ್‌ಬಾಲ್‌ನಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಹರ್ಲಿಂಗ್‌ನಲ್ಲಿ ಕೈಯಲ್ಲಿ ಮರದ ಕೋಲು, ಆಡೋದು ಸಣ್ಣ ಗಟ್ಟಿ ಚೆಂಡು. ಮೊದಲ ಸಲ ನೋಡಿದಾಗ ಚೆಂಡು ಎಲ್ಲಿದೆ ಅಂತಾನೇ ಗೊತ್ತಾಗಲ್ಲ, ಅಷ್ಟು ವೇಗ.

ಎರಡನ್ನೂ ನಡೆಸೋದು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಜಿಎಎ. ಹುಟ್ಟಿದ್ದು 1884ರಲ್ಲಿ, ಥರ್ಲ್ಸ್ ಅನ್ನೋ ಊರಲ್ಲಿ. ಫೈನಲ್ ನಡೆಯೋ ಡಬ್ಲಿನ್‌ನ ಕ್ರೋಕ್ ಪಾರ್ಕ್‌ಗೆ 82,000ಕ್ಕೂ ಹೆಚ್ಚು ಜನ ಹಿಡಿಸ್ತಾರೆ. ಇಷ್ಟು ಜನರ ಮುಂದೆ ಆಡೋರಿಗೆ ಸಂಬಳ ಎಷ್ಟು ಗೊತ್ತಾ? ಸೊನ್ನೆ. ಹರಾಜಿಲ್ಲ, ಫ್ರಾಂಚೈಸಿ ಇಲ್ಲ. ಸಾಮಾನ್ಯವಾಗಿ ನಿಮ್ಮ ಕೌಂಟಿ ಯಾವುದೋ ಅದಕ್ಕೇ ಕೊನೇವರೆಗೂ ಆಡ್ತೀರಿ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗ್ತೀರಿ.

ಇದರ ಪರಿಣಾಮ ಏನು? ನಿಮ್ಮ ಎದುರಾಳಿಯೂ ಎಲ್ಲೂ ಹೋಗಲ್ಲ. ಮುಂದಿನ ವರ್ಷ ಅದೇ ಜರ್ಸಿ ಹಾಕ್ಕೊಂಡು ಅದೇ ಜಾಗದಲ್ಲಿ ಅವನೇ ನಿಂತಿರ್ತಾನೆ.

2/8
ಇನ್ನೊಂದು ವಿಷಯ ತಲೆಯಲ್ಲಿಟ್ಕೊಳ್ಳಿ. ಇಲ್ಲಿ ಜರ್ಸಿ ನಂಬರ್ ಅಂದ್ರೆ ಮೈದಾನದ ವಿಳಾಸ. 3ನೇ ನಂಬರ್ ಫುಲ್ ಬ್ಯಾಕ್, ಅವನ ಪಕ್ಕದಲ್ಲೇ ಎದುರಾಳಿಯ 14ನೇ ನಂಬರ್ ಫುಲ್ ಫಾರ್ವರ್ಡ್. 2ನೇ ನಂಬರ್ ಕಾರ್ನರ್ ಬ್ಯಾಕ್, ಅವನ ಪಾಲಿಗೆ 15. ಸೀಟಿ ಊದೋಕೆ ಮುಂಚೆ ಇಬ್ಬರೂ ಬಂದು ಕೈ ಕುಲುಕ್ತಾರೆ. ಆಮೇಲೆ ಭುಜಕ್ಕೆ ಭುಜ.

ಈಗ ನನ್ನ ವಾದ ನೇರವಾಗಿ ಹೇಳಿಬಿಡ್ತೀನಿ. ಇಬ್ಬರ ಪೈಪೋಟಿ ಅಂದ ತಕ್ಷಣ ನಾವು ಸ್ಕೋರ್ ಮಾಡೋನ ಕಡೆಯಿಂದ ಕತೆ ಶುರು ಮಾಡ್ತೀವಿ. ಅದು ತಪ್ಪು. ಆ ಪೈಪೋಟಿ ಹುಟ್ಟೋದೇ ತಡೆಯೋಕೆ ನಿಂತವನಿಂದ. ಅವನು ಸಾಧಾರಣದವನಾಗಿದ್ರೆ ಅಲ್ಲಿ ಪೈಪೋಟಿಯೇ ಇರ್ತಿರಲಿಲ್ಲ, ಬರೀ ಒಬ್ಬ ಒಳ್ಳೇ ಫಾರ್ವರ್ಡ್ ಇರ್ತಿದ್ದ.

ಹರ್ಲಿಂಗ್‌ನ ಅತಿ ಪ್ರಸಿದ್ಧ ಫೋಟೋಗಳಲ್ಲಿ ಒಂದನ್ನು ನೆನೆಸಿಕೊಳ್ಳಿ, ಅಥವಾ ಹುಡುಕಿ ನೋಡಿ. 1957, ಕಾರ್ಕ್ ಮತ್ತು ಟಿಪ್ಪರೇರಿ ಪಂದ್ಯ. ಗಾಯ ಮಾಡಿಕೊಂಡ ಕಾರ್ಕ್‌ನ ಕ್ರಿಸ್ಟಿ ರಿಂಗ್ ಕೈಗೆ ಪಟ್ಟಿ ಕಟ್ಟಿಕೊಂಡು ಮೈದಾನದಿಂದ ಹೊರಗೆ ಬರ್ತಿದ್ದಾನೆ. ಗೋಲ್ ಹತ್ರ ಅಂಪೈರ್ ಆಗಿ ನಿಂತಿದ್ದಾನೆ ಅವನ ಹಳೇ ಎದುರಾಳಿ, ಲಿಮರಿಕ್‌ನ ಮಿಕ್ ಮ್ಯಾಕಿ. ಇಬ್ಬರೂ ಏನೋ ಹೇಳ್ಕೊಂಡು ನಗ್ತಿದ್ದಾರೆ. ಏನು ಹೇಳಿದ್ರು ಅಂತ ಐರ್ಲೆಂಡ್‌ನಲ್ಲಿ ಇವತ್ತಿಗೂ ಚರ್ಚೆ ಮಾಡ್ತಾರೆ.

ಫೋಟೋ ನನಗೂ ಇಷ್ಟ. ಆದ್ರೆ ಗಮನಿಸಿ, ಇಬ್ಬರೂ ಫಾರ್ವರ್ಡ್‌ಗಳು. ಇಬ್ಬರೂ ಸ್ಕೋರ್ ಮಾಡಿದವರು. ಅವರ ಬೆನ್ನ ಹಿಂದೆ ವರ್ಷಗಟ್ಟಲೆ ಓಡಿದ ಕಾರ್ನರ್ ಬ್ಯಾಕ್‌ಗಳಿಗೆ ಅಂಥ ಫೋಟೋ ಇಲ್ಲ.

3/8
ಬಿಕಾಂ ಓದ್ತಿರೋದ್ರಿಂದ ನನಗೆ ಇದು ಲೆಕ್ಕದ ಪುಸ್ತಕದ ಸಮಸ್ಯೆ ಥರ ಕಾಣ್ಸುತ್ತೆ. ನಷ್ಟ ಆದ್ರೆ ಜರ್ನಲ್ ಎಂಟ್ರಿ ಇದೆ. ಆಗದೇ ಉಳಿದ ನಷ್ಟಕ್ಕೆ ಎಂಟ್ರಿ ಇಲ್ಲ. ಹೊಡೆದ ಗೋಲ್ ಸ್ಕೋರ್‌ಬೋರ್ಡ್‌ಗೆ ಹೋಗುತ್ತೆ. ಆಗದ ಗೋಲ್ ಎಲ್ಲಿಗೆ ಹೋಗುತ್ತೆ?

ಎರಡು ಉದಾಹರಣೆ ಕೊಡ್ತೀನಿ.

2003ರ ಫುಟ್‌ಬಾಲ್ ಫೈನಲ್. ಟಿರೋನ್ ಮತ್ತು ಅರ್ಮಾ, ಒಂದೇ ಪ್ರಾಂತ್ಯದ ಅಕ್ಕಪಕ್ಕದ ಕೌಂಟಿಗಳು. ಆಟ ಮುಗಿಯೋ ಹೊತ್ತು. ಅರ್ಮಾದ ಸ್ಟೀವನ್ ಮೆಕ್‌ಡಾನೆಲ್ ಗೋಲ್ ಮುಂದೆ ಸಿಕ್ಕ ಚೆಂಡನ್ನು ಒದೆಯೋಕೆ ಕಾಲು ಬೀಸ್ತಾನೆ. ಎಲ್ಲಿಂದಲೋ ಓಡಿ ಬಂದ ಕಾನರ್ ಗೋರ್ಮ್ಲಿ ಮೈಯನ್ನೇ ಅಡ್ಡ ಎಸೆದು ತಡೀತಾನೆ. ಟಿರೋನ್ 0-12, ಅರ್ಮಾ 0-9. ಅದು ಟಿರೋನ್‌ನ ಮೊಟ್ಟಮೊದಲ ಪ್ರಶಸ್ತಿ. ಅಂತರ 3 ಪಾಯಿಂಟ್.

2014ರ ಹರ್ಲಿಂಗ್ ಫೈನಲ್, ಮೊದಲ ಪಂದ್ಯ ಡ್ರಾ ಆಗಿ ಮತ್ತೆ ಆಡಿಸಿದ್ದು. ಟಿಪ್ಪರೇರಿಯ ಶೇಮಸ್ ಕ್ಯಾಲನನ್ ಗೋಲ್‌ಗೆ ಹೊಡೆಯೋಕೆ ಕೋಲು ಹಿಂದೆ ಎತ್ತಿದ್ದಾನೆ. ಹಿಂದಿನಿಂದ ಕಿಲ್ಕೆನ್ನಿಯ ಜೆ.ಜೆ. ಡಿಲೇನಿ ತನ್ನ ಕೋಲು ಚಾಚಿ ಆ ಕೋಲನ್ನೇ ತಡೀತಾನೆ. ಇದಕ್ಕೆ ಹುಕ್ ಅಂತಾರೆ. ಕಿಲ್ಕೆನ್ನಿ 2-17, ಟಿಪ್ಪರೇರಿ 2-14. ಇಲ್ಲೂ ಅಂತರ 3 ಪಾಯಿಂಟ್. ಆ ವರ್ಷ ಮುಗಿಯೋಷ್ಟರಲ್ಲಿ ಡಿಲೇನಿ ಕೌಂಟಿ ಆಟದಿಂದ ನಿವೃತ್ತಿ ತಗೊಂಡ.

ಎರಡೂ ಫೈನಲ್‌ನ ಅಂತರ ಸರಿಯಾಗಿ ಒಂದು ಗೋಲ್‌ನ ಬೆಲೆ. ಆದ್ರೆ ಸ್ಕೋರ್ ಪಟ್ಟಿ ತೆಗೆದು ನೋಡಿ, ಆ ಎರಡು ಕ್ಷಣಕ್ಕೆ ಅಲ್ಲಿ ಒಂದು ಸಾಲೂ ಇಲ್ಲ.

4/8
"ಸರಿ, ಒಂದು ಕ್ಷಣ ತಡೆಯೋದು ದೊಡ್ಡದೇ, ಅದಕ್ಕೆ ಪೈಪೋಟಿ ಅಂತೀಯಾ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಹಾಗಾದ್ರೆ ವರ್ಷಗಟ್ಟಲೆ ನಡೆದದ್ದನ್ನ ನೋಡೋಣ.

2010. ಹರ್ಲಿಂಗ್‌ನಲ್ಲಿ ಕಿಲ್ಕೆನ್ನಿ ಸತತ ಐದನೇ ಪ್ರಶಸ್ತಿಗೆ ಕೈ ಚಾಚಿದೆ. ಫೈನಲ್‌ನಲ್ಲಿ ಟಿಪ್ಪರೇರಿಯ ಲಾರ್ ಕಾರ್ಬೆಟ್ ಮೂರು ಗೋಲ್ ಹೊಡೀತಾನೆ. 4-17ಕ್ಕೆ 1-18. ಕಿಲ್ಕೆನ್ನಿಯ ಕನಸು ಮುಗೀತು. ಕಾರ್ಬೆಟ್ ಆ ವರ್ಷದ ಶ್ರೇಷ್ಠ ಹರ್ಲರ್ ಆದ.

2011. ಅದೇ ಎರಡು ತಂಡ, ಮತ್ತೆ ಫೈನಲ್. ಈ ಸಲ ಕಿಲ್ಕೆನ್ನಿ ಜ್ಯಾಕಿ ಟಿರೆಲ್‌ಗೆ ಒಂದೇ ಕೆಲಸ ಕೊಡುತ್ತೆ: ಕಾರ್ಬೆಟ್ ಎಲ್ಲಿಗೆ ಹೋದ್ರೂ ಬಿಡಬೇಡ. ಟಿರೆಲ್ ಬಿಡಲಿಲ್ಲ. ಹಿಂದಿನ ವರ್ಷ ಮೂರು ಗೋಲ್ ಹೊಡೆದವನಿಗೆ ಈ ವರ್ಷ ಒಂದು ಪಾಯಿಂಟೂ ಸಿಗಲಿಲ್ಲ. ಕಿಲ್ಕೆನ್ನಿ 2-17, ಟಿಪ್ಪರೇರಿ 1-16.

2012ರ ಸೆಮಿಫೈನಲ್‌ನಲ್ಲಿ ನಡೆದದ್ದು ಕೇಳಿದ್ರೆ ನಗು ಬರುತ್ತೆ. ಟಿರೆಲ್ ಮತ್ತೆ ಅಂಟಿಕೊಳ್ತಾನೆ ಅಂತ ಟಿಪ್ಪರೇರಿಗೆ ಗೊತ್ತು. ಅದಕ್ಕೆ ಕಾರ್ಬೆಟ್ ಒಂದು ಉಪಾಯ ಮಾಡಿ, ಚೆಂಡು ಬಿಟ್ಟು ಕಿಲ್ಕೆನ್ನಿಯ ಇನ್ನೊಬ್ಬ ಡಿಫೆಂಡರ್ ಟಾಮಿ ವಾಲ್ಶ್ ಹಿಂದೆ ಓಡೋಕೆ ಶುರು ಮಾಡಿದ. ವಾಲ್ಶ್ ಟಿಪ್ಪರೇರಿಯ ಪಾ ಬರ್ಕ್ ಹಿಂದೆ. ಟಿರೆಲ್ ಕಾರ್ಬೆಟ್ ಹಿಂದೆ. ನಾಲ್ಕು ಜನ ಒಂದೇ ಗುಂಪಾಗಿ ಮೈದಾನದ ತುಂಬ ಸುತ್ತಾಟ. ಕಣ್ಣಾಮುಚ್ಚಾಲೆ ಆಡ್ತಿದ್ದಾರೇನೋ ಅನ್ನೋ ಹಾಗೆ. ಕೊನೆಗೆ ಕಿಲ್ಕೆನ್ನಿ 4-24, ಟಿಪ್ಪರೇರಿ 1-15. ಅಂತರ 18 ಪಾಯಿಂಟ್!

ಜನ ಕಾರ್ಬೆಟ್‌ನ ಆಡ್ಕೊಂಡ್ರು. ನನಗೆ ಆ ಪಂದ್ಯದಲ್ಲಿ ಕಾಣೋದು ಬೇರೆ. ದೇಶದ ಅತ್ಯುತ್ತಮ ಫಾರ್ವರ್ಡ್ ಒಬ್ಬನು ತನ್ನ ಆಟವನ್ನೇ ಬಿಟ್ಟು ಡಿಫೆಂಡರ್ ಥರ ಆಡೋ ಹಾಗಾಯ್ತು, ಯಾಕೆಂದ್ರೆ ಹಿಂದಿನ ವರ್ಷ ಒಬ್ಬ ಅವನ ತಲೆಯೊಳಗೆ ಹೋಗಿ ಕೂತಿದ್ದ. ಟಿರೆಲ್‌ನ ಆಟಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

5/8
ಈಗ ಫುಟ್‌ಬಾಲ್‌ಗೆ ಬರೋಣ. ಈ ಜೋಡಿ ಬಗ್ಗೆ ಐರ್ಲೆಂಡ್ ಇವತ್ತಿಗೂ ಎರಡು ಭಾಗ. ಡಬ್ಲಿನ್‌ನ ಡಿಯರ್ಮಿಡ್ ಕಾನಲಿ, ಮೇಯೋದ ಲೀ ಕೀಗನ್.

ಕಾನಲಿ ಅಂದ್ರೆ ಎರಡೂ ಕಾಲಲ್ಲಿ ಹೊಡೆಯೋ, ನೋಡೋಕೇ ಚೆಂದದ ಆಟಗಾರ. ಜೊತೆಗೆ ಬೇಗ ಸಿಟ್ಟು ಬರೋನು. ಕೀಗನ್ ಅಂದ್ರೆ ಆ ಸಿಟ್ಟಿನ ವಿಳಾಸ ಗೊತ್ತಿರೋನು.

2015ರ ಸೆಮಿಫೈನಲ್. ಪಂದ್ಯದ ಕೊನೆಯಲ್ಲಿ ಇಬ್ಬರೂ ನೆಲದ ಮೇಲೆ ಗುದ್ದಾಟ. ಕೀಗನ್‌ಗೆ ಹೊಡೆದಿದ್ದಕ್ಕೆ ಕಾನಲಿಗೆ ಕೆಂಪು ಕಾರ್ಡ್. ಪಂದ್ಯ ಡ್ರಾ, ಮುಂದಿನ ವಾರ ಮತ್ತೆ ಆಡಬೇಕು. ಕಾನಲಿ ಮೇಲಿನ ನಿಷೇಧ ಮೇಲ್ಮನವಿಯಿಂದ ಮೇಲ್ಮನವಿಗೆ ಹೋಗಿ, ಕೊನೆಗೆ ರೀಪ್ಲೇ ದಿನದ ಬೆಳಗಿನ ಜಾವ ರದ್ದಾಯ್ತು. ಅವತ್ತು ಗೆದ್ದಿದ್ದು ಡಬ್ಲಿನ್.

2016ರ ಫೈನಲ್ಲೂ ಡ್ರಾ, ಮತ್ತೆ ರೀಪ್ಲೇ. ಈ ಮಧ್ಯೆ ಕೀಗನ್ ಹೇಗೆ ಹಿಡೀತಾನೆ, ಜರ್ಸಿ ಎಳೀತಾನಾ, ರೆಫರಿ ನೋಡಬೇಕಾ ಬೇಡವಾ ಅಂತ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ. ರೀಪ್ಲೇ ಬಂತು. ಮೊದಲಾರ್ಧದಲ್ಲಿ ಕೀಗನ್ ಮುಂದೆ ಓಡಿ ಹೋಗಿ ತಾನೇ ಗೋಲ್ ಹೊಡೆದ. ಹೌದು, ತಡೆಯೋಕೆ ನಿಂತವನು! ಅರ್ಧ ಸಮಯಕ್ಕೂ ಮೊದಲೇ ಕಾನಲಿಯನ್ನು ಎಳೆದು ಬೀಳಿಸಿದ್ದಕ್ಕೆ ಅವನಿಗೆ ಕಪ್ಪು ಕಾರ್ಡ್. ಆಗಿನ ನಿಯಮದ ಪ್ರಕಾರ ಕಪ್ಪು ಕಾರ್ಡ್ ಸಿಕ್ಕವನು ಹೊರಗೆ, ಬದಲಿಗೆ ಬೇರೆಯವನು ಒಳಗೆ. ದ್ವಿತೀಯಾರ್ಧದಲ್ಲಿ ಡಬ್ಲಿನ್‌ಗೆ ಪೆನಾಲ್ಟಿ ಸಿಕ್ತು. ಹೊಡೆದದ್ದು ಕಾನಲಿ. ಗೋಲ್.

ಡಬ್ಲಿನ್ 1-15, ಮೇಯೋ 1-14. ಒಂದು ಪಾಯಿಂಟ್ ಅಂತರ. ಇಡೀ ಪಂದ್ಯದಲ್ಲಿ ಎರಡೇ ಗೋಲ್. ಒಂದು ಕೀಗನ್‌ದು, ಒಂದು ಕಾನಲಿದು. ಸಿನಿಮಾದಲ್ಲಿ ಹೀಗೆ ಬರೆದಿದ್ರೆ ಅತಿ ಆಯ್ತು ಅಂತಿದ್ವಿ. ಆ ವರ್ಷದ ಶ್ರೇಷ್ಠ ಫುಟ್‌ಬಾಲರ್ ಪ್ರಶಸ್ತಿ ಸೋತ ತಂಡದ ಕೀಗನ್‌ಗೆ ಹೋಯ್ತು.

6/8
ಈಗ ಕಷ್ಟದ ಪ್ರಶ್ನೆ. ಇದನ್ನ ಬಿಟ್ಟು ಮುಂದೆ ಹೋದ್ರೆ ನಾನು ಬರೀ ಡಿಫೆಂಡರ್‌ಗಳ ವಕೀಲ ಆಗ್ತೀನಿ.

ಜರ್ಸಿ ಎಳೆಯೋದು, ಕಿವಿಯಲ್ಲಿ ಏನೇನೋ ಹೇಳೋದು, ಚೆಂಡು ದೂರ ಇದ್ದಾಗ ಮೊಣಕೈಲಿ ತಿವಿಯೋದು. ಇದೂ "ತಡೆಯೋ ಕಲೆ"ನಾ?

ನಾನು ಅಲ್ಲ ಅಂತೀನಿ. 2017ರ ಫೈನಲ್ ನೋಡಿ, ಮತ್ತೆ ಡಬ್ಲಿನ್ ಮತ್ತೆ ಮೇಯೋ. ಕೀಗನ್ ಈ ಸಲವೂ ಗೋಲ್ ಹೊಡೆದಿದ್ದ. ದೀರ್ಘ ನಿಷೇಧ ಮುಗಿಸಿ ಬಂದಿದ್ದ ಕಾನಲಿ ದ್ವಿತೀಯಾರ್ಧಕ್ಕೆ ಬದಲಿ ಆಟಗಾರನಾಗಿ ಇಳಿದ. ಸ್ಕೋರ್ ಸಮ, ಹೆಚ್ಚುವರಿ ನಿಮಿಷ, ಕಾನಲಿ ಫ್ರೀ ಕಿಕ್ ಗಳಿಸಿದ. ಡೀನ್ ರಾಕ್ ಒದೆಯೋಕೆ ಓಡಿ ಬರ್ತಿರುವಾಗ ಕೀಗನ್ ತನ್ನ ಜರ್ಸಿಯೊಳಗಿದ್ದ ಜಿಪಿಎಸ್ ಸಾಧನವನ್ನೇ ಕಿತ್ತು ಅವನ ಕಡೆ ಎಸೆದ! ರಾಕ್ ಅಲುಗಾಡಲಿಲ್ಲ, ಚೆಂಡು ಪಟ್ಟಿಯ ಮೇಲೆ. 1-17ಕ್ಕೆ 1-16. ಮತ್ತೆ ಒಂದೇ ಪಾಯಿಂಟ್.

ಮೀಮ್ ಆಗಿ ಅದು ಸೂಪರ್. ಆಟವಾಗಿ ತಪ್ಪು. 2016ರ ಕಪ್ಪು ಕಾರ್ಡೂ ಸರಿಯಾಗಿಯೇ ಬಿತ್ತು ಅಂತ ನನ್ನ ಅಭಿಪ್ರಾಯ. ಮೇಯೋದವರು 1951ರಿಂದ ಪ್ರಶಸ್ತಿ ಗೆದ್ದಿಲ್ಲ ಅನ್ನೋ ಸಂಕಟ ಅರ್ಥ ಆಗುತ್ತೆ, ಆದ್ರೆ ಸಂಕಟ ನಿಯಮ ಬದಲಿಸಲ್ಲ.

ಹಾಗಂತ ಕೀಗನ್‌ನ ಬರೀ ಜಿಪಿಎಸ್ ಎಸೆದವನು ಅಂತ ನೆನಪಿಟ್ಕೊಳ್ಳೋದೂ ಅನ್ಯಾಯ. ಅವನ ನಿಜವಾದ ಆಯುಧ ಎಳೆದಾಟ ಆಗಿರಲಿಲ್ಲ. ಕಾನಲಿಯನ್ನು ಹಿಂದಕ್ಕೆ ಓಡಿಸೋದು ಅವನ ಆಯುಧ. ಡಿಫೆಂಡರ್ ಮುಂದೆ ನುಗ್ಗಿದ್ರೆ ಫಾರ್ವರ್ಡ್ ಹಿಂದೆ ಓಡಲೇಬೇಕು, ಇಲ್ಲ ಅಂದ್ರೆ ಗೋಲ್ ಬೀಳುತ್ತೆ. ಎರಡು ಫೈನಲ್‌ನಲ್ಲಿ ಗೋಲ್ ಬಿದ್ದಿತ್ತು ಕೂಡ. ಎಳೆದಾಡೋಕೆ ಯಾರಿಗಾದ್ರೂ ಬರುತ್ತೆ. ಎದುರಾಳಿಯ ಕಾಲಿಗೆ ಕೆಲಸ ಕೊಟ್ಟು ಅವನ ಶಕ್ತಿ ಇಳಿಸೋಕೆ ಎಲ್ಲರಿಗೂ ಬರಲ್ಲ. ನಾನು ಗೆರೆ ಎಳೆಯೋದು ಅಲ್ಲಿ. ನೀವೆಲ್ಲಿ ಎಳೀತೀರಿ?

7/8
ಮಧ್ಯದಲ್ಲಿ ಈ ಒಬ್ಬರಿಗೊಬ್ಬರು ಪೈಪೋಟಿ ಸಾಯೋ ಹಾಗಿತ್ತು ಅಂತ ನಿಮಗೆ ಗೊತ್ತಾ?

ಫುಟ್‌ಬಾಲ್‌ನಲ್ಲಿ ತಂಡಗಳು ಒಬ್ಬನನ್ನು ಒಬ್ಬ ಹಿಡಿಯೋ ಬದಲು ಹತ್ತು ಹನ್ನೆರಡು ಜನರನ್ನ ಗೋಲ್ ಮುಂದೆ ಕಂಬಳಿ ಹಾಸಿದ ಹಾಗೆ ನಿಲ್ಲಿಸೋಕೆ ಶುರು ಮಾಡಿದ್ವು. 2011ರ ಸೆಮಿಫೈನಲ್‌ನಲ್ಲಿ ಡಬ್ಲಿನ್ 0-8, ಡೊನೆಗಾಲ್ 0-6. ಪೂರ್ತಿ ಪಂದ್ಯದಲ್ಲಿ ಎರಡೂ ತಂಡ ಸೇರಿ 14 ಪಾಯಿಂಟ್! ತಡೆದದ್ದು ಯಾರು ಅಂದ್ರೆ ಎಲ್ಲರೂ. ಅಂದ್ರೆ ಯಾರೂ ಅಲ್ಲ. ಜವಾಬ್ದಾರಿ ಹಂಚಿ ಹೋದ್ರೆ ಹೆಸರೂ ಹಂಚಿ ಹೋಗುತ್ತೆ.

ಅದರ ಮಧ್ಯೆಯೂ ಕೆಲವರು ಒಬ್ಬೊಬ್ಬರೇ ನಿಂತರು. 2023ರ ಫೈನಲ್, ಡಬ್ಲಿನ್ ಮತ್ತು ಕೆರ್ರಿ. ಕೆರ್ರಿಯ ಡೇವಿಡ್ ಕ್ಲಿಫರ್ಡ್ ಆಗ ದೇಶದ ನಂಬರ್ ಒನ್ ಫಾರ್ವರ್ಡ್. ಅವನ ಪಕ್ಕ ನಿಂತದ್ದು ಡಬ್ಲಿನ್‌ನ ಹಳೇ ಹುಲಿ ಮಿಕ್ ಫಿಟ್ಜ್‌ಸಿಮನ್ಸ್. ಮುಟ್ಟಿ ಮುಟ್ಟಿ, ಒತ್ತಿ ಒತ್ತಿ, ಕ್ಲಿಫರ್ಡ್‌ಗೆ ಬೇಕಾದ ಜಾಗ ಬೇಕಾದ ಹೊತ್ತಿಗೆ ಸಿಗದ ಹಾಗೆ ನೋಡಿಕೊಂಡ. ದಿನಾ ಒಳಗೆ ಹೋಗೋ ಚೆಂಡುಗಳು ಅವತ್ತು ಪಕ್ಕಕ್ಕೆ ಹೋದ್ವು. ಡಬ್ಲಿನ್ 1-15, ಕೆರ್ರಿ 1-13. ಫಿಟ್ಜ್‌ಸಿಮನ್ಸ್‌ಗೆ ಅದು 9ನೇ ಪದಕ. ಫುಟ್‌ಬಾಲ್‌ನಲ್ಲಿ ಅವತ್ತಿಗೂ ಮೊದಲು ಯಾರೂ 9 ಮುಟ್ಟಿರಲಿಲ್ಲ. ಅವನ ಜೊತೆ ಅದೇ ದಿನ ಅವನದೇ ತಂಡದ ಇನ್ನಿಬ್ಬರು ಮುಟ್ಟಿದರು.

ವರ್ಷದ ಶ್ರೇಷ್ಠ ಫುಟ್‌ಬಾಲರ್ ಪ್ರಶಸ್ತಿ ಯಾರಿಗೆ? ಕ್ಲಿಫರ್ಡ್‌ಗೆ. ಇಡೀ ವರ್ಷದ ಆಟಕ್ಕೆ ಅದು ಅವನಿಗೆ ಸಲ್ಲಬೇಕಾದ್ದೇ, ತಕರಾರಿಲ್ಲ. ಆದ್ರೂ ನನ್ನ ಪಾಯಿಂಟ್ ಅರ್ಥ ಆಯ್ತಲ್ವಾ?

ಒಂದು ಖುಷಿ ವಿಷಯ. 2025ರಲ್ಲಿ ಜಿಎಎ ಹೊಸ ನಿಯಮ ತಂತು: ಪ್ರತಿ ತಂಡವೂ ಎರಡೂ ಅರ್ಧಗಳಲ್ಲಿ ಕನಿಷ್ಠ ಮೂರು ಜನರನ್ನ ಬಿಟ್ಟಿರಲೇಬೇಕು. ಎಲ್ಲರೂ ಗೋಲ್ ಮುಂದೆ ಗುಂಪು ಕಟ್ಟೋ ಹಾಗಿಲ್ಲ. ಫಾರ್ವರ್ಡ್‌ಗಳಿಗೆ ಮತ್ತೆ ಜಾಗ ಸಿಕ್ತು. ಆ ವರ್ಷದ ಫೈನಲ್‌ನಲ್ಲಿ ಕೆರ್ರಿ ಡೊನೆಗಾಲ್‌ನ 1-26ಕ್ಕೆ 0-19ರಿಂದ ಸೋಲಿಸಿತು, ಕ್ಲಿಫರ್ಡ್ ಒಬ್ಬನೇ 9 ಪಾಯಿಂಟ್. "ನೋಡು, ಫಾರ್ವರ್ಡ್‌ಗಳ ಕಾಲ ಬಂತು" ಅಂತೀರಿ. ನಾನು ಹೇಳೋದು, ಕಾರ್ನರ್ ಬ್ಯಾಕ್‌ಗಳ ಕಾಲವೂ ಬಂತು. ಇಷ್ಟು ಜಾಗದಲ್ಲಿ, ಸಹಾಯಕ್ಕೆ ಯಾರೂ ಇಲ್ಲದಾಗ, ಅಂಥವನನ್ನು ತಡೆದು ನಿಂತವನು ಈಗ ನಿಜಕ್ಕೂ ತಡೆದವನು.

8/8
ಇಷ್ಟೆಲ್ಲ ಯಾಕೆ ಬರೆದೆ ಅಂತ ಕೇಳೋ ಕ್ಲಾಸ್‌ಮೇಟ್‌ಗಳಿಗೆ ಈ ಕೊನೆ ಭಾಗ.

ನಮ್ಮ ಕ್ಲಾಸ್‌ನಲ್ಲಿ ಎಷ್ಟೋ ಜನ ಆಡಿಟ್ ಕಡೆ ಹೋಗೋರು. ಬ್ಯಾಂಕ್‌ನಲ್ಲಿ ಸಾಲದ ಅರ್ಜಿ ಪರಿಶೀಲಿಸೋರು, ಟ್ಯಾಕ್ಸ್ ಆಫೀಸ್‌ನಲ್ಲಿ ಬಿಲ್ ತಾಳೆ ನೋಡೋರು. ಯೋಚನೆ ಮಾಡಿ, ಇವೆಲ್ಲ 2ನೇ ನಂಬರ್ ಜರ್ಸಿ ಕೆಲಸ. ಆಡಿಟರ್ ಒಬ್ಬಳು ಸರಿಯಾದ ಹೊತ್ತಿಗೆ "ಈ ವೋಚರ್ ಎಲ್ಲಿ?" ಅಂತ ಕೇಳಿದ್ರೆ ಆಗಬೇಕಿದ್ದ ಮೋಸ ಆಗಲ್ಲ. ಆಗದ ಮೋಸ ಪೇಪರ್‌ನಲ್ಲಿ ಬರಲ್ಲ. ಅವಳಿಗೆ ಯಾರೂ ಹಾರ ಹಾಕಲ್ಲ. ಕಣ್ತಪ್ಪಿದ ದಿನ ಮಾತ್ರ ಅವಳ ಹೆಸರು ಎಲ್ಲ ಚಾನೆಲ್‌ನಲ್ಲೂ ಬರುತ್ತೆ.

ನಮಗೆ ಸಿಗೋ ರೀಲ್ಸ್ ಎಲ್ಲ ಸ್ಕೋರ್ ಮಾಡಿದವರದು. ಸ್ಟಾರ್ಟಪ್ ಮಾಡಿದವನು, ಪ್ಯಾಕೇಜ್ ತಗೊಂಡವಳು, ಸ್ಟೇಜ್ ಮೇಲೆ ನಿಂತವನು. ಅದನ್ನೇ ನೋಡ್ತಾ ನೋಡ್ತಾ, ಗೋಲ್ ಹೊಡೆಯದಿದ್ರೆ ಬದುಕೇ ವೇಸ್ಟ್ ಅನ್ಸೋಕೆ ಶುರು ಆಗುತ್ತೆ. ಇಪ್ಪತ್ತು ವರ್ಷಕ್ಕೆ ಹಾಗನ್ಸೋದು ಸುಳ್ಳು ಲೆಕ್ಕ. ಕ್ಲಿಫರ್ಡ್‌ನ ಹಿಡಿದ ಫಿಟ್ಜ್‌ಸಿಮನ್ಸ್ ಆಟದ ಜೊತೆಜೊತೆಗೇ ಓದಿ ಡಾಕ್ಟರ್ ಆದವನು. ಕ್ಲಿಫರ್ಡ್ ಶಾಲೆಯಲ್ಲಿ ಮೇಷ್ಟ್ರು. ಯಾರ ಆಟಕ್ಕೂ ಸಂಬಳ ಇಲ್ಲ. ಇಬ್ಬರಿಗೂ ಇನ್ನೊಬ್ಬನ ಬೆಲೆ ಗೊತ್ತು, ಯಾಕೆಂದ್ರೆ 70 ನಿಮಿಷ ಪಕ್ಕದಲ್ಲೇ ಉಸಿರಾಡಿದ್ದಾರೆ. ಗೊತ್ತಿಲ್ಲದೇ ಇರೋದು ನಮಗೆ, ನೋಡೋರಿಗೆ.

ಅದಕ್ಕೆ ಈ ವಾರದ ಹೋಂವರ್ಕ್. ಯಾವುದಾದ್ರೂ ಆಟ ನೋಡಿ, ಹರ್ಲಿಂಗೇ ಆಗಬೇಕಂತಿಲ್ಲ. ಐದು ನಿಮಿಷ ಚೆಂಡನ್ನ ಬಿಟ್ಟುಬಿಡಿ. ಒಬ್ಬ ಡಿಫೆಂಡರ್‌ನ ಆರಿಸ್ಕೊಂಡು ಅವನನ್ನೇ ನೋಡಿ. ಎಲ್ಲಿ ನಿಲ್ತಾನೆ, ಯಾವಾಗ ಕತ್ತು ತಿರುಗಿಸ್ತಾನೆ, ಎದುರಾಳಿಗೂ ಗೋಲ್‌ಗೂ ಮಧ್ಯೆ ಎಷ್ಟು ಹೆಜ್ಜೆ ಇಟ್ಕೊಂಡಿದ್ದಾನೆ. ಆಮೇಲೆ ಕಾಮೆಂಟ್‌ನಲ್ಲಿ ಅವನ ಹೆಸರು ಬರೀರಿ. ಗೋಲ್ ಹೊಡೆದವನ ಹೆಸರು ಬರೆದ್ರೆ ಡಿಲೀಟ್ ಮಾಡ್ತೀನಿ, ಆಮೇಲೆ ಬೇಜಾರ್ ಮಾಡ್ಕೋಬೇಡಿ.

ಮುಂದಿನ ವಾರ ಗೋಲ್‌ಕೀಪರ್‌ಗಳ ಸರದಿ. ಸೇವ್ ಮಾಡ್ಕೊಳ್ಳಿ, ಎದುರಿಗೆ ಬಂದ್ರೆ ದಾರಿ ಬಿಡದ ನಿಮ್ಮ ಆ ಒಬ್ಬ ಫ್ರೆಂಡ್‌ಗೆ ಕಳಿಸಿ.

#ಹರ್ಲಿಂಗ್ #ಗೇಲಿಕ್‌ಫುಟ್‌ಬಾಲ್ #ತಡೆದವನ‌ಹೆಸರು